ಕಣ್ಣಳತೆಯ ಬೋಲ್ಟು

ಬ್ರಿಟಿಷ್ ಏರ್‌ವೇಸ್‌ನ 5390ನೇ ವಿಮಾನ 1990ರ ಜೂನ್ 10ರ ಬೆಳಿಗ್ಗೆ 8.20ಕ್ಕೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನಿನ ಮಲಗಾಕ್ಕೆ ಹೊರಟಿತು. ಬಿಎಸಿ ಒನ್-ಇಲೆವೆನ್ ಮಾದರಿಯ ಜೆಟ್ ಅದು. ಒಳಗೆ 81 ಪ್ರಯಾಣಿಕರು, ಆರು ಮಂದಿ ಸಿಬ್ಬಂದಿ. ಹದಿಮೂರು ನಿಮಿಷ ಕಳೆದಿತ್ತು. ಆಕ್ಸ್‌ಫರ್ಡ್‌ಶೈರಿನ ಡಿಡ್‌ಕಾಟ್ ಊರಿನ ಮೇಲೆ 17,300 ಅಡಿ ಎತ್ತರ ದಾಟಿ ಇನ್ನೂ ಏರುತ್ತಿದ್ದಾಗ ಕ್ಯಾಪ್ಟನ್ ಎದುರಿನ ಮುಂಗಾಜು ದೊಡ್ಡ ಸದ್ದಿನೊಂದಿಗೆ ಚೌಕಟ್ಟಿನಿಂದ ಕಿತ್ತು ಹೊರಗೆ ಹಾರಿಹೋಯಿತು. ಗಾಜೇನೂ ಒಡೆದಿರಲಿಲ್ಲ. ಅದನ್ನು ಹಿಡಿದು ನಿಲ್ಲಿಸಬೇಕಿದ್ದ ಬೋಲ್ಟುಗಳು ಕೈಬಿಟ್ಟಿದ್ದವು.

ಗಂಟೆಗೆ ಐನೂರು ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಎದುರುಗಾಳಿ ಬಡಿಯುತ್ತಿರುವಾಗ ಮುಂಗಾಜು ಒಳಕ್ಕೆ ಕುಸಿಯಬೇಕಲ್ಲವೆ, ಹೊರಕ್ಕೆ ಹೋದದ್ದು ಹೇಗೆ? ಕಾರಣ ಒಳಗಿನ ಗಾಳಿ. ವಿಮಾನ ಮೇಲೇರಿದಂತೆ ಹೊರಗಿನ ಗಾಳಿ ತೆಳುವಾಗುತ್ತದೆ. 18,000 ಅಡಿಯ ಆಸುಪಾಸಿನಲ್ಲಿ ಅದರ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತದೆ. ಅಲ್ಲಿ ಮನುಷ್ಯರು ನಿರಾಳವಾಗಿ ಉಸಿರಾಡಲಾರರು. ಅದಕ್ಕಾಗಿ ವಿಮಾನದೊಳಗೆ ಗಾಳಿ ತುಂಬಿ ಒತ್ತಡವನ್ನು ಹೆಚ್ಚಾಗಿಯೇ ಉಳಿಸಿಕೊಳ್ಳುತ್ತಾರೆ. ಹೀಗೆ ಊದಿದ ಬಲೂನಿನಂತಾದ ವಿಮಾನದ ಮೈ, ಬಾಗಿಲು, ಕಿಟಕಿ, ಗಾಜು ಎಲ್ಲವನ್ನೂ ಒಳಗಿನ ಗಾಳಿ ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಒಳಗೂ ಹೊರಗೂ ಚದರ ಇಂಚಿಗೆ ಐದೇ ಪೌಂಡಿನ ವ್ಯತ್ಯಾಸ ಎಂದು ಹಿಡಿದರೂ ಒಂದು ಚದರ ಅಡಿ ಗಾಜಿನ ಮೇಲೆ 720 ಪೌಂಡು, ಅಂದರೆ 320 ಕಿಲೋ ಮೀರಿದ ಭಾರ ಬಿದ್ದಂತೆ.

ಈ ಭಾರವನ್ನು ತಡೆಯಲು ಎರಡು ದಾರಿಗಳಿವೆ. ನೀರಿನ ತೊಟ್ಟಿಯ ತೂತಿಗೆ ಒಳಗಿನಿಂದ ಬಿರಡೆ ಕೊಟ್ಟರೆ ನೀರಿನ ಭಾರವೇ ಅದನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಹೊರಗಿನಿಂದ ಕೊಟ್ಟರೆ ಅದೇ ಭಾರ ಅದನ್ನು ಕಿತ್ತೊಗೆಯಲು ನೋಡುತ್ತದೆ. ಒನ್-ಇಲೆವೆನ್‌ನ ಮುಂಗಾಜು ಎರಡನೆಯ ಬಗೆಯದು. ಅದನ್ನು ಹೊರಗಿನಿಂದ ಕೂರಿಸಿ ಸುತ್ತಲೂ 90 ಬೋಲ್ಟು ಬಿಗಿಯುತ್ತಿದ್ದರು. ಒಳಗಿನ ಒತ್ತಡಕ್ಕೂ ಆಕಾಶಕ್ಕೂ ನಡುವೆ ಇದ್ದದ್ದು ಆ ಬೋಲ್ಟುಗಳ ಹಿಡಿತ ಮಾತ್ರ.

ಕ್ಯಾಪ್ಟನ್ ಟಿಮ್ ಲ್ಯಾಂಕಾಸ್ಟರ್ ಆಗಷ್ಟೇ ಭುಜದ ಪಟ್ಟಿ ಬಿಚ್ಚಿ, ಸೊಂಟದ ಪಟ್ಟಿಯನ್ನು ಸಡಿಲಿಸಿಕೊಂಡಿದ್ದರು. ಒಳಗಿನ ಗಾಳಿ ಒಮ್ಮೆಲೇ ನುಗ್ಗಿ ಹೋಗುವಾಗ ಅವರನ್ನೂ ಆಸನದಿಂದ ಎತ್ತಿ ತೂತಿನಲ್ಲಿ ಹೊರಕ್ಕೆ ಎಳೆಯಿತು. ತಲೆ ಮತ್ತು ಎದೆ ವಿಮಾನದ ಚಾವಣಿಯ ಹೊರಮೈಗೆ ಅಂಟಿಕೊಂಡವು, ಕಾಲುಗಳು ಚಾಲನಾ ಕೋಲಿಗೆ ಸಿಕ್ಕಿಕೊಂಡವು. ಆಟೋಪೈಲಟ್ ಕಳಚಿ ವಿಮಾನ ಮೂಗು ತಗ್ಗಿಸಿ ಇಳಿಯತೊಡಗಿತು. ಕಾಕ್‌ಪಿಟ್ಟಿನ ಬಾಗಿಲು ಮುರಿದು ಒಳಗೆ ಬಂದು ಎಂಜಿನ್ ಹಿಡಿಕೆಗಳ ಮೇಲೆ ಬಿದ್ದಿತ್ತು. ಆ ಹೊತ್ತಿಗೆ ಕಾಕ್‌ಪಿಟ್ಟಿಗೆ ಕಾಲಿಡುತ್ತಿದ್ದ ಕ್ಯಾಬಿನ್ ಸಿಬ್ಬಂದಿ ನೈಜೆಲ್ ಆಗ್ಡನ್ ಮುನ್ನುಗ್ಗಿ ಕ್ಯಾಪ್ಟನ್ನರ ಸೊಂಟವನ್ನು ಬಿಗಿಯಾಗಿ ತಬ್ಬಿ ಹಿಡಿದರು.

ಸಹಪೈಲಟ್ ಅಲಾಸ್ಟೇರ್ ಆಚಿಸನ್ನರ ಸೊಂಟಪಟ್ಟಿ ಬಿಗಿಯಾಗಿಯೇ ಇತ್ತು. ಅವರು ವಿಮಾನವನ್ನು ಹಿಡಿತಕ್ಕೆ ತಂದುಕೊಂಡು, ಉಸಿರಾಡಲು ಗಾಳಿ ಸಿಗುವ ಎತ್ತರಕ್ಕೆ ಬೇಗ ಇಳಿಸಿದರು. ರೇಡಿಯೋದಲ್ಲಿ ತುರ್ತು ಕರೆ ಕೊಟ್ಟರು. ಗಾಳಿಯ ಅಬ್ಬರದಲ್ಲಿ ಉತ್ತರ ಕೇಳಿಸಲಿಲ್ಲ. ಹೊರಗೆ ಸೊನ್ನೆಗಿಂತ ಹದಿನೈದು ಡಿಗ್ರಿಗೂ ಕೆಳಗಿನ ಚಳಿ. ಆಗ್ಡನ್ನರ ತೋಳುಗಳು ಸೋತಾಗ ಉಳಿದ ಸಿಬ್ಬಂದಿ ಕೈಗೂಡಿಸಿದರು. ಅವರಲ್ಲೊಬ್ಬರು ಕಾಕ್‌ಪಿಟ್ಟಿನ ಹೆಚ್ಚುವರಿ ಆಸನಕ್ಕೆ ತಮ್ಮನ್ನು ಕಟ್ಟಿಕೊಂಡು ಕ್ಯಾಪ್ಟನ್ನರ ಕಣಕಾಲು ಹಿಡಿದರು. ಹೊರಗಿನ ಮೈ ಪಕ್ಕಕ್ಕೆ ಜಾರಿ, ತಲೆ ವಿಮಾನದ ಮೈಗೆ ಬಡಿಯುತ್ತಿತ್ತು. ಕ್ಯಾಪ್ಟನ್ ಸತ್ತೇಹೋದರು ಎಂದೇ ಎಲ್ಲರೂ ತಿಳಿದರು. ಆದರೂ ಬಿಡಬೇಡಿ ಎಂದರು ಆಚಿಸನ್. ದೇಹ ರೆಕ್ಕೆಗೋ ಎಂಜಿನ್ನಿಗೋ ಬಾಲದ ರೆಕ್ಕೆಗೋ ಬಡಿದರೆ ವಿಮಾನವೇ ಉಳಿಯುವುದಿಲ್ಲ ಎಂಬ ಅಂಜಿಕೆಯೂ ಅದರಲ್ಲಿತ್ತು. 8.55ಕ್ಕೆ ವಿಮಾನ ಸೌತಾಂಪ್ಟನ್‌ನಲ್ಲಿ ಇಳಿಯಿತು. ಲ್ಯಾಂಕಾಸ್ಟರ್ ಬದುಕಿದ್ದರು. ಬಲಗೈ ಮತ್ತು ಮಣಿಕಟ್ಟಿನ ಮೂಳೆ ಮುರಿದಿದ್ದವು, ಚಳಿಗೆ ಚರ್ಮ ಮರಗಟ್ಟಿತ್ತು. ಐದು ತಿಂಗಳೊಳಗೆ ಅವರು ಮತ್ತೆ ವಿಮಾನ ಹಾರಿಸಿದರು.

ಸುದ್ದಿಯ ಲೋಕಕ್ಕೆ ಕತೆ ಇಲ್ಲಿಗೆ ಮುಗಿಯಿತು. ತನಿಖೆಗೆ ಶುರುವಾದದ್ದೇ ಇಲ್ಲಿಂದ.

ಕಳಚಿ ಬಿದ್ದ ಮುಂಗಾಜು ಆಕ್ಸ್‌ಫರ್ಡ್‌ಶೈರಿನ ಚೋಲ್ಸಿ ಊರಿನ ಹತ್ತಿರ ಸಿಕ್ಕಿತು. ಅದರೊಂದಿಗೆ ಒಂದಷ್ಟು ಬೋಲ್ಟುಗಳೂ ಸಿಕ್ಕವು. ಬ್ರಿಟನ್ನಿನ ವಾಯು ಅಪಘಾತ ತನಿಖಾ ವಿಭಾಗದವರು ಅಳತೆ ಮಾಡಿ ನೋಡಿದರು. ಆ ಜಾಗಕ್ಕೆ ಹಾಕಬೇಕಾದದ್ದು ‘8ಡಿ’ ಎಂಬ ಗುರುತಿನ ಬೋಲ್ಟು. 90ರಲ್ಲಿ 84 ಬೋಲ್ಟುಗಳು ‘8ಸಿ’ ಗುರುತಿನವು. ಅವುಗಳ ದಪ್ಪ ಇರಬೇಕಾದ್ದಕ್ಕಿಂತ 0.026 ಇಂಚು, ಅಂದರೆ ಮುಕ್ಕಾಲು ಮಿಲಿಮೀಟರಿಗೂ ತುಸು ಕಡಿಮೆ. ಉಳಿದ ಆರು ‘7ಡಿ’. ದಪ್ಪ ಸರಿ, ಉದ್ದ ಮಾತ್ರ ಇಂಚಿನ ಹತ್ತನೇ ಒಂದು ಪಾಲು ಕಡಿಮೆ. ಮುಂಗಾಜನ್ನು ಹೊಸದಾಗಿ ಕೂರಿಸಿ ಬರೀ 27 ಗಂಟೆಯಾಗಿತ್ತು.

ಇಷ್ಟು ಕೇಳಿದರೆ ಯಾರೋ ಸೋಮಾರಿ ಕೆಲಸಗಾರ ಕೈಗೆ ಸಿಕ್ಕದ್ದನ್ನು ಬಿಗಿದು ಮನೆಗೆ ಹೋಗಿರಬೇಕು ಅನಿಸುತ್ತದೆ. ವರದಿ ಬಿಡಿಸಿಡುವ ಚಿತ್ರ ಬೇರೆಯೇ. ಬೋಲ್ಟು ಹಾಕಿದವರು ಆ ರಾತ್ರಿಪಾಳಿಯ ಮೇಲ್ವಿಚಾರಕರು. ಅನುಭವಿ, ಕೆಲಸಕ್ಕೆ ಒಳ್ಳೆಯ ಹೆಸರಿದ್ದವರು. ಪಾಳಿಯಲ್ಲಿ ಜನ ಕಡಿಮೆ ಇದ್ದರು, ಕೆಲಸ ಬಾಕಿ ಇತ್ತು; ಹಾಗಾಗಿ ಮುಂಗಾಜು ಬದಲಿಸುವ ಕೆಲಸವನ್ನು ಇನ್ನೊಬ್ಬರಿಗೆ ಹೊರಿಸದೆ ತಾವೇ ಕೈಗೆತ್ತಿಕೊಂಡರು. ಕೆಲವು ವಾರಗಳ ನಂತರ ಅವರು ಹಿಡಿದ ಮೊದಲ ರಾತ್ರಿಪಾಳಿ ಅದು. ಕೆಲಸ ನಡೆದದ್ದು ನಸುಕಿನ ಮೂರರಿಂದ ಐದರ ನಡುವೆ, ಮನುಷ್ಯನ ಕಣ್ಣೂ ಬುದ್ಧಿಯೂ ತೂಕಡಿಸುವ ಹೊತ್ತಿನಲ್ಲಿ.

ಹಳೆಯ ಗಾಜು ಬಿಚ್ಚಿದಾಗ ಕೆಲವು ಬೋಲ್ಟುಗಳು ಸವೆದಿರುವುದು ಕಾಣಿಸಿತು. ಹೊಸದನ್ನೇ ಹಾಕೋಣ ಎಂದುಕೊಂಡರು. ಇದು ಒಳ್ಳೆಯ ಕೆಲಸಗಾರನ ಯೋಚನೆಯೇ. ಯಾವ ಬೋಲ್ಟು ಎಂದು ಬಿಡಿಭಾಗಗಳ ಸಚಿತ್ರ ಪಟ್ಟಿಯನ್ನು ತೆರೆದಿದ್ದರೆ ‘8ಡಿ’ ಎಂದು ಅಲ್ಲಿ ಅಚ್ಚಾಗಿತ್ತು. ಅವರು ಅದನ್ನು ನೋಡದೆ, ಬಿಚ್ಚಿದ ಬೋಲ್ಟನ್ನೇ ಮಾದರಿಯಾಗಿ ಹಿಡಿದರು. ಅದು ‘7ಡಿ’. ನಾಲ್ಕು ವರ್ಷದ ಹಿಂದೆ ಯಾರೋ ಹಾಕಿದ್ದ, ತುಸು ಗಿಡ್ಡ ಬೋಲ್ಟು. ದಪ್ಪ ಸರಿಯಾಗಿದ್ದುದರಿಂದ ಅಷ್ಟೂ ವರ್ಷ ಗಾಜನ್ನು ಹಿಡಿದುಕೊಂಡೇ ಇತ್ತು. ಹೀಗೆ ಹಳೆಯದೊಂದು ಸಣ್ಣ ತಪ್ಪೇ ಹೊಸ ಕೆಲಸಕ್ಕೆ ಅಳತೆಗೋಲಾಯಿತು.

ಸ್ಟೋರಿನಲ್ಲಿದ್ದವರು ಆ ಜಾಗಕ್ಕೆ ‘8ಡಿ’ ಹಾಕುತ್ತಾರೆ ಎಂದು ಹೇಳಿಯೂ ಹೇಳಿದರು. ಇಡೀ ಪ್ರಸಂಗದಲ್ಲಿ ಸರಿಯಾದ ಮಾತಾಡಿದ ಒಬ್ಬರೆಂದರೆ ಅವರೇ. ಆದರೆ ಸ್ಟೋರಿನ ಮಾತಿಗಿಂತ ಕೈಯಲ್ಲಿದ್ದ ಬೋಲ್ಟು ಹೆಚ್ಚು ನಂಬಿಕೆಯದಾಗಿ ಕಂಡಿತು. ಬೇಕಾದಷ್ಟು ‘7ಡಿ’ ಆ ಸ್ಟೋರಿನಲ್ಲಿ ಇರಲಿಲ್ಲ. ಮೇಲ್ವಿಚಾರಕರು ಕಾರು ಹತ್ತಿ ವಿಮಾನ ನಿಲ್ದಾಣದ ಇನ್ನೊಂದು ಮೂಲೆಗೆ ಹೋದರು. ಅಲ್ಲಿದ್ದ ಬಿಡಿಭಾಗದ ಡ್ರಾಯರುಗಳನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ, ಬೆಳಕೂ ಮಂಕು. ಹತ್ತಿರದ ಅಕ್ಷರ ಓದಲು ಅವರಿಗೆ ಕನ್ನಡಕ ಬೇಕಿತ್ತು, ಆಗ ಹಾಕಿಕೊಂಡಿರಲಿಲ್ಲ. ಹಳೆಯ ಬೋಲ್ಟನ್ನೂ ಡ್ರಾಯರಿನ ಬೋಲ್ಟನ್ನೂ ಬೆರಳ ನಡುವೆ ಹಿಡಿದು ಹೋಲಿಸಿ, ಎರಡೂ ಒಂದೇ ಎಂದು ತೀರ್ಮಾನಿಸಿದರು. ಎಣಿಸಿ ತೆಗೆದುಕೊಂಡವು ‘8ಸಿ’.

ತೆಳ್ಳಗಿನ ಬೋಲ್ಟು ದಪ್ಪ ನಟ್ಟಿನಲ್ಲಿ ಕೂತದ್ದಾದರೂ ಹೇಗೆ? ಎರಡು ಬಗೆಯ ಬೋಲ್ಟಿಗೂ ಇಂಚಿಗೆ 32 ಸುತ್ತಿನ ಥ್ರೆಡ್ಡೇ ಇತ್ತು. ಸುತ್ತುಗಳ ಅಂತರ ಒಂದೇ ಆದ್ದರಿಂದ ತೆಳ್ಳಗಿನ ಬೋಲ್ಟು ಎಲ್ಲೂ ತಡೆಯದೆ ತಿರುಗಿಕೊಂಡು ಒಳಗೆ ಹೋಗುತ್ತದೆ. ಆದರೆ ನಟ್ಟಿನ ಥ್ರೆಡ್ಡಿನ ತುದಿಗಳನ್ನು ಮಾತ್ರ ಸವರುತ್ತದೆ, ಆಳಕ್ಕೆ ಕಚ್ಚುವುದಿಲ್ಲ. ಬಿಗಿಯಲು ಬಳಸಿದ್ದು ಟಾರ್ಕ್ ಸ್ಕ್ರೂಡ್ರೈವರ್. ನಿಗದಿಯಾದ ಬಿಗಿ ಬಂದಾಗ ಅದು ಟಕ್ ಎಂದು ಜಾರುತ್ತದೆ. ಇಲ್ಲಿ ಬೋಲ್ಟಿನ ಥ್ರೆಡ್ಡೇ ನಟ್ಟಿನೊಳಗೆ ಜಾರುತ್ತಿತ್ತು. ಕೈಗೆ ಎರಡೂ ಜಾರುವಿಕೆ ಒಂದೇ ತರಹ. ಬಿಗಿಯಾಯಿತು ಎಂದುಕೊಂಡ ಪ್ರತಿ ಸಲವೂ ಬೋಲ್ಟು ಕೈಕೊಡುತ್ತಿತ್ತು.

ಕಣ್ಣಿಗಾದರೂ ಬೀಳಬೇಕಿತ್ತು. ಸಣ್ಣ ಬೋಲ್ಟಿನ ತಲೆಯೂ ಸಣ್ಣದು. ಗುಳಿಯಲ್ಲಿ ಅಂಚಿಗೆ ಸಮನಾಗಿ ಕೂರದೆ ಕೆಳಗೆ ಇಳಿದಿರುತ್ತದೆ. ಅದನ್ನು ನೋಡಲು ಗಾಜಿನ ನೇರಕ್ಕೆ ನಿಲ್ಲಬೇಕು. ಅಟ್ಟಣಿಗೆಯನ್ನು ಗಾಜಿಗೆ ಸರಿಯಾಗಿ ಹೊಂದಿಸಿರಲಿಲ್ಲವಾದ್ದರಿಂದ ಪಕ್ಕದಿಂದ ಮೈಚಾಚಿ, ಕೈ ಉದ್ದಮಾಡಿ ಬಿಗಿಯಬೇಕಾಯಿತು. ಉಪಕರಣ ಹಿಡಿದ ಕೈಗಳೇ ಬೋಲ್ಟಿನ ತಲೆಗೆ ಮರೆಯಾದವು. ಆಮೇಲೆ ಇನ್ನೊಬ್ಬರು ಬಂದು ನೋಡುವ ನಿಯಮ ಇರಲಿಲ್ಲ. ವಿಮಾನದಲ್ಲಿ ಯಾವ ಕೆಲಸ ಕೆಟ್ಟರೆ ಪ್ರಾಣಕ್ಕೇ ಕುತ್ತೋ ಅಂಥವುಗಳಿಗೆ ಇಬ್ಬರ ತಪಾಸಣೆ ಕಡ್ಡಾಯವಿತ್ತು. ಮುಂಗಾಜು ಆ ಪಟ್ಟಿಯಲ್ಲಿ ಸೇರಿರಲಿಲ್ಲ. ನೆಲದ ಮೇಲೆಯೇ ವಿಮಾನಕ್ಕೆ ಗಾಳಿ ತುಂಬಿ ಒತ್ತಡ ಪರೀಕ್ಷಿಸಬೇಕೆಂಬ ಕಟ್ಟಳೆಯೂ ಇರಲಿಲ್ಲ. ಕೆಲಸ ಮಾಡಿದವರೇ ಸಹಿ ಹಾಕಿದರು. ಮುಂಗಾಜಿನ ಮೊದಲ ಪರೀಕ್ಷೆ ನಡೆದದ್ದು 17,300 ಅಡಿ ಎತ್ತರದಲ್ಲಿ, 87 ಜನರನ್ನು ಒಳಗೆ ಕೂರಿಸಿಕೊಂಡು.

ತನಿಖಾ ವರದಿ 1992ರಲ್ಲಿ ಹೊರಬಂತು. ಒಬ್ಬರ ಮೇಲೆ ಬೆರಳು ತೋರಿಸಿ ಕೈತೊಳೆದುಕೊಳ್ಳದ ಕಾರಣಕ್ಕೇ ಅದು ಇಂದಿಗೂ ಪಾಠವಾಗಿ ಉಳಿದಿದೆ. ಜನ ಸಾಲದ ಪಾಳಿ, ಖಾಲಿಯಾದ ಸ್ಟೋರು, ಮಂಕು ದೀಪ, ತಪ್ಪು ಜಾಗದಲ್ಲಿ ನಿಂತ ಅಟ್ಟಣಿಗೆ, ಮುಂಗಾಜನ್ನು ಬಿಟ್ಟ ಪಟ್ಟಿ: ಒಂದೊಂದೂ ಬಿಡಿಯಾಗಿ ನೋಡಿದರೆ ಏನೂ ಅಲ್ಲದ್ದು. ಇವುಗಳಲ್ಲಿ ಒಂದು ನೆಟ್ಟಗಿದ್ದಿದ್ದರೂ ಆ ಬೋಲ್ಟುಗಳು ನೆಲದ ಮೇಲೆಯೇ ಸಿಕ್ಕಿಬೀಳಬಹುದಿತ್ತು.

ಇಂಥ ತಪ್ಪು ಇದೊಂದೇ ಅಲ್ಲ. ಬರ್ಮಿಂಗ್‌ಹ್ಯಾಮಿನ ಪ್ರಕರಣಕ್ಕೆ ಏಳು ವರ್ಷ ಮೊದಲು, 1983ರ ಮೇ 5ರಂದು, ಅಮೆರಿಕದ ಮಯಾಮಿಯಿಂದ ಬಹಾಮಾಸ್‌ನ ನಸೌಗೆ ಹೊರಟ ಈಸ್ಟರ್ನ್ ಏರ್‌ಲೈನ್ಸ್‌ನ ಟ್ರೈಸ್ಟಾರ್ ವಿಮಾನದ ಮೂರೂ ಎಂಜಿನ್‌ಗಳು ಸಮುದ್ರದ ಮೇಲೆ ನಿಂತುಹೋಗಿದ್ದವು. ಎಂಜಿನ್ ಎಣ್ಣೆಯಲ್ಲಿ ಲೋಹದ ಚೂರುಗಳಿದ್ದರೆ ಹಿಡಿಯಲು ಅಯಸ್ಕಾಂತದ ತುದಿಯಿರುವ ಸಾಧನವೊಂದನ್ನು ಪ್ರತಿ ಎಂಜಿನ್ನಿಗೂ ಸಿಕ್ಕಿಸಿರುತ್ತಾರೆ. ಆಗಾಗ ಅದನ್ನು ಬಿಚ್ಚಿ ಬೇರೆಯದನ್ನು ಹಾಕಬೇಕು. ಎಣ್ಣೆ ಸೋರದಂತೆ ಅದಕ್ಕೆ ರಬ್ಬರಿನ ಬಳೆಗಳಿರುತ್ತವೆ; ಕುಕ್ಕರಿನ ಗ್ಯಾಸ್ಕೆಟ್ ಮಾಡುವ ಕೆಲಸವೇ ಅವುಗಳದ್ದು. ಮೆಕ್ಯಾನಿಕ್‌ಗಳಿಗೆ ಯಾವಾಗಲೂ ಬಳೆ ತೊಡಿಸಿಯೇ ಇಟ್ಟ ಸಾಧನ ಸಿಗುತ್ತಿತ್ತು. ಆ ಹಾರಾಟದ ಹಿಂದಿನ ರಾತ್ರಿ ಎಂದಿನ ಕಪಾಟು ಖಾಲಿ ಇತ್ತು. ಸ್ಟೋರಿನಿಂದ ಬಂದ ಪೊಟ್ಟಣದಲ್ಲಿ ಬಳೆ ಇರಲಿಲ್ಲ. ಇದೆ ಎಂದೇ ತಿಳಿದು ಮೂರೂ ಎಂಜಿನ್‌ಗಳಿಗೆ ಹಾಕಿಬಿಟ್ಟರು.

ಮೂರೂ ಎಂಜಿನ್‌ಗಳ ಎಣ್ಣೆ ಸೋರಿಹೋಗುತ್ತಿದ್ದಾಗ ಪೈಲಟ್‌ಗಳು ಮಾಪಕಗಳನ್ನೇ ನಂಬಲಿಲ್ಲ. ಮೂರು ಎಂಜಿನ್‌ಗಳಲ್ಲಿ ಒಟ್ಟಿಗೇ ಎಣ್ಣೆ ಖಾಲಿಯಾಗುವುದು ಲಕ್ಷಕ್ಕೊಂದು ಸಲವೂ ಆಗದ ಮಾತು, ಕೆಟ್ಟಿರುವುದು ಮಾಪಕವೇ ಇರಬೇಕು ಎಂಬುದು ಅವರ ತರ್ಕ. ಮೂರು ಎಂಜಿನ್‌ಗಳೂ ಒಂದಕ್ಕೊಂದು ಸಂಬಂಧವಿಲ್ಲದೆ ಕೆಡುವುದಾದರೆ ಆ ಲೆಕ್ಕ ಸರಿ. ಆದರೆ ಹಿಂದಿನ ರಾತ್ರಿ ಮೂರನ್ನೂ ಮುಟ್ಟಿದ್ದು ಒಂದೇ ಪಾಳಿಯ ಕೈಗಳು. ಮೊದಲು ನಿಲ್ಲಿಸಿದ್ದ ನಡುವಿನ ಎಂಜಿನ್ ಸುಮಾರು 4,000 ಅಡಿ ಎತ್ತರದಲ್ಲಿ ಮತ್ತೆ ಚಾಲೂ ಆಗಿ, ಒಂಟಿ ಎಂಜಿನ್ನಿನಲ್ಲಿ ವಿಮಾನ ಮಯಾಮಿಗೆ ಮರಳಿತು. 172 ಮಂದಿ ಉಳಿದರು. ಎರಡೇ ಎಂಜಿನ್ನಿನ ವಿಮಾನಗಳು ಸಾಗರ ದಾಟುವ ಕಾಲ ಬಂದಾಗ ಒಂದು ನಿಯಮವೂ ಜೊತೆಗೆ ಬಂತು: ಎರಡೂ ಎಂಜಿನ್‌ಗಳಲ್ಲಿ ಒಂದೇ ಕೆಲಸವನ್ನು ಒಂದೇ ಭೇಟಿಯಲ್ಲಿ ಒಬ್ಬನೇ ಮಾಡಬಾರದು.

ಇವೆರಡೂ ಪುಣ್ಯಕ್ಕೆ ನೆಲ ಮುಟ್ಟಿದ ವಿಮಾನಗಳು. 1991ರ ಸೆಪ್ಟೆಂಬರ್ 11ರಂದು ಟೆಕ್ಸಸ್ಸಿನಲ್ಲಿ ಕಾಂಟಿನೆಂಟಲ್ ಎಕ್ಸ್‌ಪ್ರೆಸ್‌ನ 2574ನೇ ವಿಮಾನಕ್ಕೆ ಆ ಪುಣ್ಯ ಇರಲಿಲ್ಲ. ಹಿಂದಿನ ರಾತ್ರಿ ಅದರ ಬಾಲದ ಅಡ್ಡರೆಕ್ಕೆಯ ಮುಂಚೂಣಿ ಪಟ್ಟಿಯಲ್ಲಿ ಮಂಜು ಬಿಡಿಸುವ ರಬ್ಬರ್ ಹೊದಿಕೆ ಬದಲಿಸುವ ಕೆಲಸ ನಡೆದಿತ್ತು. ಒಂದು ಪಾಳಿಯವರು ಎಡಬದಿಯ ಮೇಲಿನ 47 ತಿರುಪುಗಳನ್ನು ಬಿಚ್ಚಿಟ್ಟರು. ಅದು ಪುಸ್ತಕಕ್ಕೆ ಏರಲಿಲ್ಲ. ಮುಂದಿನ ಪಾಳಿಯವರು ಬಲಬದಿಯ ಕೆಲಸ ಮುಗಿಸಿ ವಿಮಾನವನ್ನು ಬಿಟ್ಟುಕೊಟ್ಟರು. ಅಡ್ಡರೆಕ್ಕೆ ಎತ್ತರದಲ್ಲಿರುವುದರಿಂದ ಅದರ ಮೇಲ್ಮೈ ಕೆಳಗೆ ನಿಂತವರ ಕಣ್ಣಿಗೆ ಕಾಣುವುದಿಲ್ಲ. ಬೆಳಿಗ್ಗೆ ಒಂದು ಹಾರಾಟ ಸರಾಗವಾಗಿ ಮುಗಿಯಿತು. ಎರಡನೆಯದರಲ್ಲಿ ಹ್ಯೂಸ್ಟನ್ ಕಡೆಗೆ ವೇಗವಾಗಿ ಇಳಿಯುವಾಗ ಪಟ್ಟಿ ಕಿತ್ತುಹೋಗಿ ವಿಮಾನ ಆಕಾಶದಲ್ಲೇ ಛಿದ್ರವಾಯಿತು. ಒಳಗಿದ್ದ 14 ಮಂದಿಯೂ ಸತ್ತರು.

ಕೆಟ್ಟ ದುರಸ್ತಿಗೆ ಎಷ್ಟು ತಾಳ್ಮೆ ಇರಬಹುದು ಎಂಬುದಕ್ಕೆ ಜಪಾನಿನ ಉದಾಹರಣೆಗಿಂತ ಭೀಕರವಾದದ್ದಿಲ್ಲ. 1978ರ ಜೂನ್‌ನಲ್ಲಿ ಒಸಾಕಾದ ಇಟಾಮಿ ನಿಲ್ದಾಣದಲ್ಲಿ ಇಳಿಯುವಾಗ ಜಪಾನ್ ಏರ್‌ಲೈನ್ಸ್‌ನ ಬೋಯಿಂಗ್ 747ರ ಬಾಲ ರನ್‌ವೇಗೆ ಉಜ್ಜಿತು. ಒಳಗಿನ ಒತ್ತಡವನ್ನು ಹಿಂಬದಿಯಲ್ಲಿ ತಡೆಯುವ ಗುಮ್ಮಟದಾಕಾರದ ಗೋಡೆಗೆ ಪೆಟ್ಟಾಗಿತ್ತು. ಬೋಯಿಂಗ್ ಕಂಪನಿಯ ತಂಡವೇ ಬಂದು ದುರಸ್ತಿ ಮಾಡಿತು. ಗೋಡೆಯ ಎರಡು ಭಾಗಗಳು ಸೇರುವಲ್ಲಿ ಒಂದೇ ಅಖಂಡ ತಗಡು ಕೊಟ್ಟು ರಿವೆಟ್ ಹೊಡೆಯಬೇಕಿತ್ತು; ಎರಡು ತುಂಡು ಕೊಟ್ಟರು. ಎರಡು ಸಾಲು ರಿವೆಟ್‌ಗಳು ಹೊರಬೇಕಿದ್ದ ಭಾರ ಒಂದೇ ಸಾಲಿನ ಮೇಲೆ ಬಿತ್ತು. ಹೊರನೋಟಕ್ಕೆ ಅಚ್ಚುಕಟ್ಟಾಗಿಯೇ ಇತ್ತು. ಪ್ರತಿ ಹಾರಾಟದಲ್ಲೂ ಗೋಡೆ ಒತ್ತಡಕ್ಕೆ ಉಬ್ಬಿ ಮತ್ತೆ ಇಳಿಯುತ್ತದೆ. ಪ್ರತಿ ಸಲವೂ ಬಿರುಕು ಕೂದಲೆಳೆಯಷ್ಟು ಬೆಳೆಯುತ್ತಿತ್ತು. ಏಳು ವರ್ಷ, ಹನ್ನೆರಡು ಸಾವಿರಕ್ಕೂ ಹೆಚ್ಚು ಹಾರಾಟಗಳಾದ ಮೇಲೆ 1985ರ ಆಗಸ್ಟ್ 12ರ ಸಂಜೆ ಅದೇ ವಿಮಾನ ಟೋಕಿಯೋದಿಂದ ಹೊರಟ ಸ್ವಲ್ಪ ಹೊತ್ತಿನಲ್ಲೇ ಗೋಡೆ ಸಿಡಿಯಿತು. ನುಗ್ಗಿದ ಗಾಳಿ ಬಾಲದ ನೆಟ್ಟ ರೆಕ್ಕೆಯನ್ನು ಹಾರಿಸಿತು, ವಿಮಾನವನ್ನು ತಿರುಗಿಸುವ ನಾಲ್ಕೂ ಹೈಡ್ರಾಲಿಕ್ ವ್ಯವಸ್ಥೆಗಳು ಬರಿದಾದವು. ಪೈಲಟ್‌ಗಳು ಎಂಜಿನ್ ಏರಿಸಿ ಇಳಿಸಿಯೇ ಅರ್ಧ ಗಂಟೆ ಹೆಣಗಿದರು. ಬೆಟ್ಟಕ್ಕೆ ಅಪ್ಪಳಿಸಿದ ಆ ವಿಮಾನದಲ್ಲಿದ್ದ 524 ಮಂದಿಯಲ್ಲಿ 520 ಮಂದಿ ಸತ್ತರು. ಒಂದೇ ವಿಮಾನದ ಅಪಘಾತದಲ್ಲಿ ಇಷ್ಟು ಜನ ಸತ್ತದ್ದು ಅದಕ್ಕೆ ಮುಂಚೆಯೂ ಇಲ್ಲ, ಆಮೇಲೂ ಇಲ್ಲ.

ದುರಸ್ತಿಯ ತಪ್ಪು ಪೈಲಟ್ಟಿನ ತಪ್ಪಿನಂತಲ್ಲ. ಪೈಲಟ್ ಎಡವಿದರೆ ಫಲ ಆಗಲೇ, ಅಲ್ಲೇ ಕಾಣುತ್ತದೆ. ದುರಸ್ತಿ ನಡೆಯುವ ಹ್ಯಾಂಗರಿನಲ್ಲಿ ಆದ ತಪ್ಪು ಬಣ್ಣದ ಕೆಳಗೆ, ತಗಡಿನ ಹಿಂದೆ ಮಲಗಿರುತ್ತದೆ. ಏಳುವುದು ಯಾವಾಗಲೋ, ಬೇರೆ ಯಾರದೋ ಕೈಯಲ್ಲಿ. ಮಾಡಿದವನಿಗೂ ಅದು ತಪ್ಪೆಂದು ಗೊತ್ತಿರುವುದಿಲ್ಲ. ಆದ್ದರಿಂದ ‘ಎಚ್ಚರ ವಹಿಸಿ’ ಎಂಬ ಬೋರ್ಡು ಹಾಕಿದರೆ ಇಲ್ಲಿ ಹೆಚ್ಚೇನೂ ಆಗದು. ತಪ್ಪು ನಡೆದೇ ನಡೆಯುತ್ತದೆ ಎಂದು ಒಪ್ಪಿ, ಅದು ಹ್ಯಾಂಗರಿನ ಬಾಗಿಲು ದಾಟದಂತೆ ಅಡ್ಡಗಟ್ಟುವ ಏರ್ಪಾಡು ಬೇಕು.

1990ರ ದಶಕದಲ್ಲಿ ಇದೇ ಒಂದು ಓದಿನ ವಿಷಯವಾಗಿ ಬೆಳೆಯಿತು. ದುರಸ್ತಿಯಲ್ಲಿ ಮನುಷ್ಯ ಎಡವುವ ಹನ್ನೆರಡು ಕಾರಣಗಳ ಪಟ್ಟಿಯೊಂದನ್ನು ಕೆನಡಾದ ಸಾರಿಗೆ ಇಲಾಖೆಯ ಗಾರ್ಡನ್ ಡ್ಯುಪಾಂಟ್ 1993ರಲ್ಲಿ ರೂಪಿಸಿದರು. ದಣಿವು, ಅವಸರ, ಸಾಮಾನಿನ ಕೊರತೆ, ಗಮನ ಚದುರುವುದು, ಹೇಳಬೇಕಾದ್ದನ್ನು ಹೇಳದಿರುವುದು ಎಲ್ಲವೂ ಅದರಲ್ಲಿವೆ. ಅತಿಯಾದ ಆತ್ಮವಿಶ್ವಾಸವೂ ಇದೆ, ‘ನಮ್ಮಲ್ಲಿ ಹೀಗೇ ಮಾಡೋದು’ ಎಂಬ ರೂಢಿಯೂ ಇದೆ. ಹೊಸಬರ ತಪ್ಪುಗಳಷ್ಟೇ ಅಲ್ಲ, ಹಳಬರ ತಪ್ಪುಗಳೂ ಪಟ್ಟಿಯಲ್ಲಿವೆ ಎಂಬುದನ್ನು ಗಮನಿಸಬೇಕು. ಹೊಸಬನಾದರೆ ಪುಸ್ತಕ ತೆರೆದು ನೋಡುತ್ತಾನೆ.

ಭಾರತದಲ್ಲಿ ದುರಸ್ತಿಯಾದ ವಿಮಾನಕ್ಕೆ ಸಹಿ ಹಾಕುವ ಅಧಿಕಾರ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ಲೈಸೆನ್ಸ್ ಪಡೆದ ಎಂಜಿನಿಯರುಗಳದ್ದು. ಆ ಸಹಿ ಬೀಳದೆ ವಿಮಾನ ಹಾರುವಂತಿಲ್ಲ. ಬೆಂಗಳೂರಿನಲ್ಲಿ ಎಎಂಇ, ಅಂದರೆ ವಿಮಾನ ನಿರ್ವಹಣಾ ಎಂಜಿನಿಯರಿಂಗ್, ಓದುವ ಹುಡುಗ ಹುಡುಗಿಯರೂ ಸೇರಿ ಈ ಲೈಸೆನ್ಸ್ ಬಯಸುವವರು ಎಂಜಿನ್, ವಿದ್ಯುತ್, ವಾಯುಚಲನೆಗಳ ಜೊತೆ ಮಾನವ ಅಂಶಗಳು ಎಂಬ ಪತ್ರಿಕೆಯಲ್ಲೂ ಪಾಸಾಗಬೇಕು. ನಿದ್ದೆ, ಬೆಳಕು, ಕಣ್ಣಿನ ದೃಷ್ಟಿ, ಪಾಳಿ ಬದಲಾಗುವಾಗಿನ ಮಾತುಕತೆ ಇವೆಲ್ಲ ಅದರ ಪಾಠಗಳು.

ಹ್ಯಾಂಗರಿನ ಒಳಗೆ ಬಂದ ಬದಲಾವಣೆಗಳು ನೋಡಲು ಸರಳ. ಪ್ರಾಣಕ್ಕೆ ಕುತ್ತಾಗಬಲ್ಲ ಕೆಲಸವನ್ನು ಮಾಡಿದವನಲ್ಲದ ಇನ್ನೊಬ್ಬ ಬಂದು ಮೊದಲಿನಿಂದ ನೋಡಬೇಕು. ಪಾಳಿ ಮುಗಿಸುವವನು ಅರ್ಧ ಬಿಚ್ಚಿದ್ದನ್ನು ಬರೆದಿಡಬೇಕು, ಬರುವವನಿಗೆ ಎದುರು ನಿಂತು ಬಾಯಲ್ಲೂ ಹೇಳಬೇಕು. ಬೋಲ್ಟನ್ನು ಹಳೆಯ ಬೋಲ್ಟಿನ ಜೊತೆಗಲ್ಲ, ಪುಸ್ತಕದ ಸಂಖ್ಯೆಯ ಜೊತೆ ತಾಳೆ ನೋಡಬೇಕು. ಉಪಕರಣದ ಹಲಗೆಯ ಮೇಲೆ ಪ್ರತಿ ಸ್ಪ್ಯಾನರಿನ, ಪ್ರತಿ ಸ್ಕ್ರೂಡ್ರೈವರಿನ ಆಕಾರವನ್ನು ನೆರಳಿನಂತೆ ಬರೆದಿರುತ್ತಾರೆ. ಪಾಳಿಯ ಕೊನೆಗೆ ಒಂದು ನೆರಳು ಖಾಲಿ ಕಂಡರೆ ಆ ಉಪಕರಣ ಸಿಗುವತನಕ ವಿಮಾನವನ್ನು ಹೊರಗೆ ಬಿಡುವುದಿಲ್ಲ.